ಬೀಗ ಕಳಚಿದ ಕರ್ಸರ್

ಆಸ್ಪತ್ರೆಯೊಂದರ ಕಂಪ್ಯೂಟರಿನೊಳಗೆ ರಿಪೋರ್ಟುಗಳ ಕೋಣೆಯನ್ನು ಕಾಯುವ ಬೀಗವೊಂದಿತ್ತು. ಪರದೆಯ ಮೇಲೆ ಅಕ್ಷರ ಬರೆಯುವ ಸಣ್ಣ ಗೆರೆ, ನಿಂತಲ್ಲಿ ನಿಲ್ಲದ ಕರ್ಸರ್, ಒಂದು ದಿನ ರಕ್ತದ ರಿಪೋರ್ಟೊಂದನ್ನು ಹೊತ್ತು ಅಲ್ಲಿಗೆ ಓಡಿಬಂತು.

“ಬಾಗಿಲು ತೆಗಿ ಬೀಗಣ್ಣ! ಹೆರಿಗೆ ಕೇಸು, ರಕ್ತ ನಿಲ್ಲುತ್ತಿಲ್ಲ!”

“ಈ ರಿಪೋರ್ಟಿನ ಮೇಲೆ ಬರೀ ನಂಬರಿದೆ; ಆ ನಂಬರಿನವಳು ಪಕ್ಕದ ರೋಗಿಗಳ ಪಟ್ಟಿಯ ಕೋಣೆಯಲ್ಲಿ ಇನ್ನೂ ಇಲ್ಲವಲ್ಲ ತಮ್ಮಾ. ಮೊದಲು ಅಲ್ಲಿ ಆಕೆಯ ಹೆಸರು ಬರೆದು ಬಾ, ನಾನಾಗಿಯೇ ತೆರೆದುಕೊಳ್ಳುತ್ತೇನೆ.”

“ಹೆಸರು ಬರೆಯುತ್ತ ಕೂರಲು ಇದೇನು ನಾಮಕರಣವೇ?” ಎಂದು ಕರ್ಸರ್ ಮತ್ತೆ ಮತ್ತೆ ಬಾಗಿಲಿಗೆ ಗುದ್ದಿತು. ಬೀಗ ಜಗ್ಗಲಿಲ್ಲ. ಕೊನೆಗೆ ಕರ್ಸರ್ ಸಿಟ್ಟಿನಲ್ಲಿ ಬೀಗವನ್ನೇ ಕಳಚಿ ಬಿಸಾಕಿ, ರಿಪೋರ್ಟನ್ನು ಒಳಗೆ ತಳ್ಳಿ, ಗೆದ್ದೆನೆಂದು ಹಿಗ್ಗಿತು.

ಅಷ್ಟರಲ್ಲಿ ಹೊರಗಿನಿಂದ ಡಾಕ್ಟರಮ್ಮನ ದನಿ ಕೇಳಿತು. “ಈ ಹೆಂಗಸಿನ ರಕ್ತದ ಗುಂಪು ಯಾವುದು? ಬೇಗ ಹೇಳಿ!”

“ನಾನಿಲ್ಲೇ ಇದ್ದೇನೆ!” ಎಂದು ರಿಪೋರ್ಟು ಕೋಣೆಯೊಳಗಿಂದ ಕೂಗಿತು. “ಆದರೆ ನಾನು ಯಾರ ರಿಪೋರ್ಟೆಂದು ನನಗೇ ಗೊತ್ತಿಲ್ಲ.”

ಕರ್ಸರ್ ಎದ್ದೆನೋ ಬಿದ್ದೆನೋ ಎಂದು ರೋಗಿಗಳ ಕೋಣೆಗೆ ಓಡಿತು. ಹೆಸರಿನ ಜಾಗ ಖಾಲಿಯಿತ್ತು. ಬರೆಯೋಣವೆಂದರೆ, ಆಕೆಯ ಹೆಸರನ್ನು ಅದು ಕೇಳಿಯೇ ಇರಲಿಲ್ಲ.

“ಬೀಗಣ್ಣ, ಏನು ಬರೆಯಲಿ?” ಎಂದಿತು. ತಾನೇ ಕಳಚಿ ಬಿಸಾಕಿದ ಬೀಗ ನೆಲದ ಮೇಲೆ ಬಿದ್ದಿತ್ತು.

ಅಂದಿನಿಂದ ಕರ್ಸರ್ ಖಾಲಿ ಜಾಗ ಕಂಡಲ್ಲೆಲ್ಲ ನಿಂತುಬಿಡುತ್ತದೆ. ಯಾರಾದರೂ ಆಕೆಯ ಹೆಸರು ಹೇಳಲಿ ಎಂದು ಕಣ್ಣು ಮಿಟುಕಿಸುತ್ತ ಕಾಯುತ್ತದೆ.