ಮುಟ್ಟದೆ ಮಾಡಿದ ರಿಪೇರಿ

ಗಂಗೊಳ್ಳಿ ಅಳಿವೆಯ ಹೊರಗೆ ಬಂಗುಡೆ ಮೀನಿನ ಹಿಂಡು ಬಂದಿದೆ ಎಂದು ಕೂಗೆದ್ದಿತು. ದೋಣಿಗಳೆಲ್ಲ ಹೊರಟವು. ಮಂಜಯ್ಯ ಖಾರ್ವಿಯವರ ದೋಣಿಯ ಹೊಸ ಮೋಟಾರು ಮಾತ್ರ ಸ್ವಲ್ಪ ಓಡಿ ನಿಲ್ಲುತ್ತಿತ್ತು. ಅದನ್ನು ಮನೆಯಂಗಳದಲ್ಲಿ ನೀರಿನ ಡ್ರಮ್ಮಿಗೆ ಇಳಿಸಿ, ಓಡಿಸಿ ನೋಡುತ್ತ ಬೆವರುತ್ತಿದ್ದರು.

ಅವರ ಬಲೆ ಎಳೆಯುವ ಆಳು ಕೇಳಿದ, "ನಾ ಕಾಣ್ಲಾ ಒಡೆಯ್ರೆ?"

"ಹೊಸ ಮೋಟಾರಿಗೆ ನಿನ್ನ ಕೈ ತಾಗ್ಬಾರ್ದು! ಮುಟ್ಟದೆ ಓಡಿಸು, ಚುಕ್ಕಾಣಿ ನಿನಗೇ ಕೊಡ್ತೆ."

ಬಲೆ ಎಳೆದೆಳೆದು ಸೋತವನಿಗೆ ಇನ್ನೇನು ಬೇಕು? ಕೈ ಹಿಂದೆ ಕಟ್ಟಿ ನಿಂತ.

"ಟ್ಯಾಂಕಲ್ಲಿ ಎಣ್ಣೆ ಇತ್ತಾ ಕಾಣಿ ಒಡೆಯ್ರೆ."

"ನಾನೇನು ದಡ್ಡನಾ?" ಮಂಜಯ್ಯ ಮುಚ್ಚಳ ತಿರುಪಿ ತೆಗೆದರು. ಎಣ್ಣೆ ಇತ್ತು. ಟ್ಯಾಂಕು ಬುಸ್ಸೆಂದು ಗಾಳಿ ಎಳೆದುಕೊಂಡಿತು.

"ಈಗ ಎಣ್ಣೆ ಪೈಪಿನ ರಬ್ಬರ್ ಬಲ್ಬು ಹಿಸುಕಿ, ಹಗ್ಗ ಎಳೀರಿ."

ಮೋಟಾರು ಗುರ್ರೆಂದು ಎದ್ದಿತು!

"ಎಲ್ಲ ನಾನೇ ಮಾಡ್ದೆ. ನಿನಗ್ಯಾಕೆ ಚುಕ್ಕಾಣಿ?" ಎಂದು ಮಂಜಯ್ಯ ಮುಚ್ಚಳ ಬಿಗಿದರು. ಮೋಟಾರನ್ನು ದೋಣಿಗೇರಿಸಿ ತಾವೇ ಚುಕ್ಕಾಣಿ ಹಿಡಿದರು. ಆಳು ಆ ಮುಚ್ಚಳವನ್ನೊಮ್ಮೆ ನೋಡಿ, ನಗು ನುಂಗಿ, ಬಲೆಯ ಬಳಿ ಕೂತ.

ಹೊಳೆಯ ನಡುವೆ ಮೋಟಾರು ನಿಂತಿತು. ಪಕ್ಕದ ದೋಣಿಯವರು ದಾಟುತ್ತ ಕೇಕೆ ಹಾಕಿದರು, "ಮಂಜಯ್ಯ ಗಾಳಿ ತಿಂಬುಕೆ ಬಂದದ್ದಾ?"

"ಏನಾದ್ರೂ ಮಾಡೋ ಮಾರಾಯಾ!" ಮಂಜಯ್ಯ ಆಳಿನತ್ತ ತಿರುಗಿದರು.

"ಮುಟ್ಲಕ್ಕಾ ಒಡೆಯ್ರೆ?"

"ಮುಟ್ಟು, ಮುಟ್ಟು!"

"ಹಂಗಾರೆ ನೀವು ಬಲೆ ಹತ್ರ ಕೂತ್ಕಣಿ."

ಮಂಜಯ್ಯ ತೆವಳಿಕೊಂಡು ಹೋಗಿ ಕೂತರು. ಆಳು ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಗೆಂದೇ ಇರುವ ಪುಟ್ಟ ತಿರುಪನ್ನು ಬೆರಳಲ್ಲಿ ಸಡಿಲಿಸಿದ. ಬಲ್ಬು ಹಿಸುಕಿ ಹಗ್ಗ ಎಳೆದ. ದೋಣಿ ನೆಗೆದು ಅಳಿವೆಯಾಚೆ ಓಡಿತು!

"ಇಷ್ಟೇನಾ?" ಮಂಜಯ್ಯ ಬಾಯಿ ಬಿಟ್ಟರು.

"ಇಷ್ಟೇ ಒಡೆಯ್ರೆ. ಟ್ಯಾಂಕಿಗೆ ಗಾಳಿ ಹೋಗ್ದಿದ್ರೆ ಎಣ್ಣೆ ಬತ್ತಿಲ್ಲ. ಬಲೆ ಬಿಡಿ, ಬಂಗುಡೆ ಬಂತು!"

ಮಂಜಯ್ಯ ಬಲೆ ಬಿಟ್ಟರು. ಚುಕ್ಕಾಣಿಯನ್ನು ಮತ್ತೆ ಕೇಳಲಿಲ್ಲ.