ಒಂದೇ ನೊಗದ ಜೋಡಿ

ಕಂಬಳದ ಕೋಣ ಮೋಡನಿಗೆ ಕೆಸರುನೀರು ಚಿಮ್ಮಿಸುತ್ತ ಓಡುವುದೇ ಪರಮಸುಖ. ಅವನ ಜೋಡಿ ಬೊಲ್ಲನಿಗೋ ಗೆಲುವಿನ ಹುಚ್ಚು.

"ನಿನ್ನದು ರಜೋಗುಣ, ನನ್ನದು ಸತ್ವಗುಣ. ಪದಕ ನೀನೇ ಇಟ್ಟುಕೋ," ಎಂದು ಮೋಡ ಮೂಗು ಮುರಿಯುತ್ತಿದ್ದ.

"ಆಗಲಿ ಮಾರಾಯ, ನೊಗ ಮಾತ್ರ ಒಂದೇ," ಎನ್ನುತ್ತಿದ್ದ ಬೊಲ್ಲ.

ಆರು ವರ್ಷ ಇಬ್ಬರೂ ಬೊಲ್ಲನ ವೇಗದಲ್ಲೇ ಓಡಿದರು, ಪಕ್ಕದಲ್ಲಿ ಓಡಿದ ಜೋಡಿಗಳನ್ನೆಲ್ಲ ಸೋಲಿಸಿದರು. ಏಳನೆಯ ವರ್ಷ ಬೊಲ್ಲ ಕಾಲು ಮುರಿದು ಕುಂಟನಾದ. ಯಜಮಾನ ನೊಗವನ್ನು ಅಟ್ಟಕ್ಕೆ ಹಾಕಿ, ಮೋಡನನ್ನು ನೀರು ತುಂಬಿದ ಗದ್ದೆಗೆ ಒಂಟಿಯಾಗಿ ಬಿಟ್ಟ.

ಬದುವಿನ ಮೇಲಿಂದ ಬೊಲ್ಲ ಕೂಗಿದ: "ಇನ್ನು ನೊಗವಿಲ್ಲ, ಬೆತ್ತವಿಲ್ಲ, ನಾನೂ ಇಲ್ಲ. ಓಡು, ನಿನ್ನ ಸುಖಕ್ಕೆ ಓಡು!"

ಮೋಡ ಒಂದು ಕಾಲು ನೀರಿಗಿಟ್ಟು ಪಕ್ಕಕ್ಕೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಇಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡು ಕೇಳಿದ: "ಯಾರನ್ನು ಸೋಲಿಸಲಿಕ್ಕೆ?"