ಕಾಜಾಣ ಕಟ್ಟಿದ ಹಾಡು

ಕಂಡವರ ಕೂಗನ್ನೆಲ್ಲ ಅನುಕರಿಸಿ ಹೆಸರು ಮಾಡಿದ್ದ ಕಾಜಾಣಕ್ಕೆ ತಾನೇ ಒಂದು ಹಾಡು ಕಟ್ಟಬೇಕೆನಿಸಿತು. ಜೀರುಂಡೆಯ ಶ್ರುತಿ, ಮರಕುಟಿಗನ ತಾಳ, ಕುಟ್ರು ಹಕ್ಕಿಯ ಕೂಗು, ಈ ಮೂರನ್ನು ಆರಿಸಿ, "ನಿಮ್ಮ ನಿಮ್ಮ ತುಣುಕನ್ನು ಬಿಡದೆ ಮತ್ತೆ ಮತ್ತೆ ನುಡಿಯುತ್ತಿರಿ" ಎಂದಿತು. ಮೂರೂ ಒಟ್ಟಿಗೆ ಎದ್ದಾಗ ಹಳ್ಳದಲ್ಲಿ ನೀರು ಕುಡಿಯುತ್ತಿದ್ದ ಜಿಂಕೆ ತಲೆ ಎತ್ತಿತು. ಸ್ವಲ್ಪ ಹೊತ್ತಿಗೆ ಮತ್ತೆ ನೀರಿಗೆ ಬಾಯಿ ಹಾಕಿತು.

ಕಾಜಾಣಕ್ಕೆ ಸಿಟ್ಟು ಬಂತು. ನವಿಲನ್ನು ಕರೆಸಿತು, ಕಪ್ಪೆಗಳನ್ನೂ ಸೇರಿಸಿತು. ಜಿಂಕೆ ಹೊರಡಲು ತಿರುಗಿತು.

"ಹಾಡು ಹಿಡಿಸಲಿಲ್ಲವೇ?"

"ಚೆನ್ನಾಗಿದೆ. ಆದರೆ ಕೇಳಿ ಆಯಿತಲ್ಲ" ಎಂದಿತು ಜಿಂಕೆ.

ಅಷ್ಟರಲ್ಲಿ ಕೊಕ್ಕು ನೋಯುತ್ತದೆಂದು ಮರಕುಟಿಗ ಸುಮ್ಮನಾಯಿತು. ಹೊರಟಿದ್ದ ಜಿಂಕೆಯ ಕಿವಿ ನಿಮಿರಿತು. ಮರಕುಟಿಗ ಸುಧಾರಿಸಿಕೊಂಡು ಮತ್ತೆ ಕುಟ್ಟಿದಾಗ ಜಿಂಕೆ ಹಿಂತಿರುಗಿಯೇ ನೋಡಿತು. ಕಾಜಾಣ ಎರಡನ್ನೂ ಗಮನಿಸಿತು.

ಮರುದಿನ ಬೆಳಿಗ್ಗೆ ನವಿಲಿಗೂ ಕಪ್ಪೆಗಳಿಗೂ ಕರೆ ಹೋಗಲಿಲ್ಲ. ಜೀರುಂಡೆಯೊಂದೇ ಶುರುಮಾಡಿತು. ಜಿಂಕೆ ನೀರಿಗೆ ಬಂದ ಮೇಲೆ ಮರಕುಟಿಗ ಸೇರಿತು.

"ಎಲ್ಲರಿಗಿಂತ ಚೆನ್ನಾಗಿ ಕೂಗುವವನು ನಾನು. ನನ್ನನ್ನೇ ಸುಮ್ಮನೆ ಕೂರಿಸಿದಿರಲ್ಲ, ಕಾಜಾಣರೇ!" ಎಂದು ಕುಟ್ರು ಗೊಣಗಿತು.

"ಅದಕ್ಕೇ ಕೂರಿಸಿದ್ದು."

ಜಿಂಕೆ ಅವರೆಲ್ಲ ಕೂತಿದ್ದ ಮರದ ಬುಡಕ್ಕೇ ಬಂದು ನಿಂತಾಗ ಕಾಜಾಣ ರೆಕ್ಕೆ ಎತ್ತಿ ಎಲ್ಲರನ್ನೂ ನಿಲ್ಲಿಸಿತು. ಕಾಡಿನಲ್ಲಿ ಒಂದೂ ಸದ್ದಿಲ್ಲ. ನೀರು ಕುಡಿಯುವುದನ್ನೇ ಮರೆತ ಜಿಂಕೆ ಕೊರಳು ಚಾಚಿ ಕೇಳಿತು: "ಆಮೇಲೆ?"

ಕಾಜಾಣ ಕುಟ್ರುವಿನ ಕಡೆ ತಿರುಗಿ, "ಈಗ ಕೂಗಪ್ಪ" ಎಂದಿತು.